ಬ್ಯಾಟರಿ ಗಾಡಿಗೊಂದು ಸೀರಿ ಗಾರ್ಡ

ಬೇರೆಯವರ ಮನೆಗೆ ಹೊಸ ಸಾಮಾನು ಬಂದರೆ ಅವರು ಪೇಢೆ ಹಂಚುತ್ತಾರೆ. ನಮ್ಮ ಮನೆಗೆ ಬಂದರೆ ಊರು ನಗುತ್ತದೆ. ಯಾಕೆ ಹಿಂಗ ಅಂತ ನಾನೂ ವಿಚಾರ ಮಾಡಿದ್ದೇನೆ. ನನಗೆ ‘ಬ್ಯಾಡ’ ಅನ್ನಲು ತಡ ಆಗುತ್ತದೆ. ‘ಹೂಂ’ ಅನ್ನುವುದು ಲಗೂನ ಬರುತ್ತದೆ. ಅದೇ ಕಾರಣ ಇರಬೇಕು.

ನಾನು ಯಂಕಂಚಿಯವನು. ಒಕ್ಕಲುತನ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಹೋದ ವರ್ಷ ನಮ್ಮಾಕಿ ತೀರಿಕೊಂಡಳು. ಆಮೇಲೆ ನನ್ನ ಮೊಣಕಾಲೂ ಹಿಡಿಯಿತು. ಹಳೇ ಗಾಡಿಗೆ ಕಿಕ್ ಹೊಡೆಯಲು ಆಗದಾಯಿತು. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು, “ಅಪ್ಪಾ, ಬ್ಯಾಟರಿ ಗಾಡಿ ತಗೋ. ಗುಂಡಿ ಒತ್ತಿದ್ರ ಹೋಗ್ತೈತಿ” ಅಂದಳು. ಹೂಂ ಅಂದೆ.

ಹಳೆಯದನ್ನು ಅಂಗಡಿಯವರಿಗೆ ಕೊಟ್ಟು ಹೊಸದು ತಂದೆವು. ಕೊಡುವ ಮುಂದೆ ಪಾನಾ ಹಿಡಿದು ಒಂದು ಸಾಮಾನು ಮಾತ್ರ ಬಿಚ್ಚಿಕೊಂಡೆ. ಸೀರಿ ಗಾರ್ಡ. ಹಿಂದೆ ಕೂತ ಹೆಣ್ಣುಮಕ್ಕಳ ಸೀರೆ ಗಾಲಿಗೆ ಸಿಗಬಾರದೆಂದು ಹಾಕುವ ಕಬ್ಬಿಣದ ಜಾಳಿಗಿ. ಅದರ ಕೆಳಗೆ ಕಾಲಿಡಲು ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಒಂದು ಕಡೆ ಬಣ್ಣ ಹೋಗಿ ಹೊಳೆಯುತ್ತದೆ. ಇಪ್ಪತ್ತು ವರ್ಷ ನಮ್ಮಾಕಿಯ ಹಿಮ್ಮಡ ತಿಕ್ಕಿದ ಜಾಗ ಅದು.

ಅದನ್ನು ಹೊಸ ಗಾಡಿಗೆ ಕೂಡಿಸಬೇಕು. ಇಷ್ಟೇ ಕೆಲಸ. ಈ ಇಷ್ಟೇ ಕೆಲಸಕ್ಕೆ ನಾಲ್ಕು ತಾಲೂಕು ತಿರುಗಿದೆ.

ಅಂಗಳದಾಗ ಹೆಣ್ಣು ದನಿ

ಹೊಸ ಗಾಡಿಯೊಳಗೆ ಒಬ್ಬ ಹೆಣ್ಣುಮಗಳು ಮಾತಾಡುತ್ತಾಳೆ. ಗುಂಡಿ ಒತ್ತಿದರೆ “ನಮಸ್ಕಾರ” ಅನ್ನುತ್ತಾಳೆ. “ಸ್ಟ್ಯಾಂಡ್ ಕೆಳಗಿದೆ, ದಯವಿಟ್ಟು ಮೇಲೆತ್ತಿ” ಅನ್ನುತ್ತಾಳೆ. ಬೆಂಗಳೂರು ಕಡೆಯ ಮಾತು. ಅಷ್ಟು ಮರ್ಯಾದೆ ಕೊಟ್ಟು ನನ್ನ ಜೊತೆ ಈ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ.

ಮೂರು ದಿನ ಮುಂಜಾನೆ ಅಂಗಳದಲ್ಲೇ ಕಲಿತೆ. ಆಕೆ ಹೇಳುವುದು, ನಾನು ಉತ್ತರ ಕೊಡುವುದು. ಯಾರಾದರೂ ಮಾತಾಡಿಸಿದರೆ ಸುಮ್ಮನಿರುವುದು ಸರಿ ಅಲ್ಲ.

“ದಯವಿಟ್ಟು ಮೇಲೆತ್ತಿ.”

“ಆತವಾ, ಎತ್ತೇನಿ.”

“ಬ್ಯಾಟರಿ ಕಡಿಮೆ ಇದೆ.”

“ತಡಿಯವಾ, ಉಂಡ ಮ್ಯಾಲ ಹಚ್ತೇನಿ.”

ಗ್ವಾಡಿ ಆಚೆಯ ಮನೆಯಾಕಿ ಇದನ್ನೆಲ್ಲ ಕೇಳಿದಳು. ಆಲಮೇಲದಲ್ಲಿರುವ ನಮ್ಮ ಅಕ್ಕನಿಗೆ ಫೋನ್ ಹೋಯಿತು. “ನಿಮ್ಮ ತಮ್ಮ ಯಾರ್ನೋ ಮನಿಗಿ ತಂದಾನ್ರಿ. ಬೆಂಗಳೂರಾಕಿ. ಭಾಳ ಮೆತ್ತಗ ಮಾತಾಡ್ತಾಳ.”

ಅಕ್ಕ ಮೊದಲ ಬಸ್ಸಿಗೆ ಬಂದಳು. ಇನ್ನೊಂದು ಮದುವೆ ಆಗು ಅಂತ ವರ್ಷದಿಂದ ನನಗೆ ಗಂಟು ಬಿದ್ದಾಕಿ. ಸಿಟ್ಟಿನಿಂದ ಬರಲಿಲ್ಲ, ಹಿಗ್ಗಿನಿಂದ ಬಂದಳು. ಕೈಚೀಲದಲ್ಲಿ ಕುಪ್ಪಸದ ಖಣ, ಅರಿಶಿನ, ಕುಂಕುಮ, ಐದು ನಮೂನೆ ಹಣ್ಣು.

“ಎಲ್ಲಿ ಅದಾಳೋ ಆಕಿ? ನಾಚಬ್ಯಾಡ, ಹೊರಗ ಕರಿ.”

ನಾನು ಗಾಡಿಯ ಮೇಲಿನ ಚಾದರ ತೆಗೆದು ಗುಂಡಿ ಒತ್ತಿದೆ. “ನಮಸ್ಕಾರ” ಅಂದಳು ಆಕೆ.

ಅಕ್ಕ ಕಟ್ಟೆಯ ಮೇಲೆ ಕೂತುಬಿಟ್ಟಳು. ಒಂದು ತಂಬಿಗೆ ನೀರು ಕುಡಿದಳು. ಉಡಿ ತುಂಬಲು ತಂದ ಖಣ ತಿರುಗಿ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಎದ್ದು ಗಾಡಿಯ ಹ್ಯಾಂಡಲಿಗೆ ಕಟ್ಟಿದಳು. ದೀಪದ ಮೇಲೆ ಕುಂಕುಮ ಇಟ್ಟಳು. ಆಗ ಮೂಲೆಯಲ್ಲಿದ್ದ ಗಾರ್ಡ್ ಕಣ್ಣಿಗೆ ಬಿತ್ತು.

“ಇದನ್ಯಾಕ ಇಟ್ಟೀ?”

“ಗಾಡಿಗಿ ಹಾಕಬೇಕು.”

“ಯಾರು ಕುಂದ್ರಾವ್ರು?”

ನಾನು ಟವೆಲಿನಿಂದ ಗಾರ್ಡಿನ ಪಟ್ಟಿ ಒರೆಸಿದೆ.

“ಕೇಳಿಲ್ಲಿ, ತಮ್ಮಾ. ಸೋಮಾರ ಗುಜರಿಯಂವ ಬರ್ತಾನ. ಅಷ್ಟರಾಗ ಇದು ಗಾಡಿಗಿ ಕೂಡಿದ್ರ ಕೂಡ್ತು. ಇಲ್ಲಂದ್ರ ಅವನಿಗಿ ಹಾಕಿ ಬಳ್ಳೊಳ್ಳಿ ತಗೋತೇನಿ. ಹಿಂಗ ಕಣ್ಣ ಮುಂದ ಇಟ್ಕೊಂಡು ದಿನಾ ಒರಸ್ಕೋತ ಕುಂದ್ರಬ್ಯಾಡ.”

ಹೂಂ ಅಂದೆ.

ಆಚೆ ಮನೆಯಾಕಿ ಗ್ವಾಡಿ ಮೇಲಿಂದ ಇಣುಕಿದಳು. “ಹೆಂಗ ಅದಾಳ್ರಿ ಹೊಸಾಕಿ?”

ಅಕ್ಕ ಅಂದಳು: “ಎರಡು ಗಾಲಿ ಅದಾವು. ರೊಟ್ಟಿ ಬಡಿಯಾಕ ಬರೂದಿಲ್ಲ.”

ಲಾರಿ ಎಲ್ಲಿ ಹೋತು

ಸಿಂದಗಿಯ ವೆಲ್ಡಿಂಗ್ ಅಂಗಡಿಯವನು ಗಾರ್ಡ್ ತಿರುಗಿಸಿ ನೋಡಿದ. ಗಾಡಿ ಬಡಿದು ನೋಡಿದ.

“ಕಾಕಾ, ಇದೆಲ್ಲಾ ಪ್ಲಾಸ್ಟಿಕ್. ಒಳಗ ಬ್ಯಾಟರಿ. ಇದಕ್ಕ ವೆಲ್ಡಿಂಗ್ ಹಚ್ಚಿದ್ರ ಗಾರ್ಡ ಇಲ್ಲೇ ಇರ್ತೈತಿ, ನಾವಿಬ್ರೂ ಹೋಗ್ತೀವಿ.”

“ಮತ್ತೇನ್ ಮಾಡೂದು?”

“ಗಾರ್ಡ ಬಿಡ್ರಿ. ನಿಮ್ಮ ಗಾಡಿಗಿ ಸಪ್ಪಳನ ಇಲ್ಲ. ಬರಾಕತ್ತೀರಂತ ಮಂದಿಗಿ ತಿಳೀಬೇಕಲ್ಲ? ಲಾರೀದೊಂದು ಹಾರ್ನ್ ಬಿದ್ದೈತಿ, ಕೂಡಸ್ತೇನಿ.”

ಬ್ಯಾಡ ಅನ್ನಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ನಟ್ಟು ಬಿಗಿದಿದ್ದ.

ಸಪ್ಪಳದ ಮಾತಿಗೆ ನೆನಪಾಯಿತು. ಹಳೇ ಗಾಡಿಯ ಸಪ್ಪಳ ಬಹಳ. ನಮ್ಮಾಕಿ ಹಿಂದೆ ಕೂತರೆ ದಾರಿಯುದ್ದಕ್ಕೂ ಮಾತು. ನನಗೆ ಅರ್ಧ ಕೇಳುತ್ತಿರಲಿಲ್ಲ. ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ. ಒಂದು ದಿನ ಹೊಲದಿಂದ ಬಂದರೆ ಹಿತ್ತಲದಲ್ಲಿ ಇನ್ನೊಂದು ಎಮ್ಮೆ ಕಟ್ಟಿತ್ತು. “ಯಾರ ಎಮ್ಮಿ ಇದು?” ಅಂದೆ. “ನಮ್ದ. ನೀವ ಹೂಂ ಅಂದೀರಲ್ಲ, ದೇವಣಗಾಂವ ದಾರ್ಯಾಗ” ಅಂದಳು. ಈಗಿನ ಗಾಡಿಯ ಮೇಲೆ ಗಾಳಿಯ ಸಪ್ಪಳ ಸೈತ ಕೇಳುತ್ತದೆ. ಹೇಳುವಾಕಿ ಇಲ್ಲ.

ಇರಲಿ. ಹಾರ್ನಿನ ಮಾತು.

ಊರ ಹೊರಗೆ ಮುಂದೆ ಒಂದು ಬಸ್ಸು ಹೊರಟಿತ್ತು. ಹಾರ್ನ್ ಒತ್ತಿದೆ. ನನಗೇ ಎದೆ ನಡುಗಿತು. ಬಸ್ಸು ರಸ್ತೆ ಬಿಟ್ಟು ಕೆಳಗಿಳಿದು ನಿಂತಿತು. ಯಾಕೆ ನಿಂತಿತೋ ಏನೋ ಅಂತ ನಾನೂ ನಿಂತೆ. ಕಂಡಕ್ಟರ್ ಇಳಿದು ಬಂದ. ಹಿಂದೆ ದೂರದ ತನಕ ನೋಡಿದ.

“ಕಾಕಾ, ಲಾರಿ ಬರಾಕತ್ತಿತ್ತಲ್ಲ, ಎಲ್ಲಿ ಹೋತು?”

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸಸಾರ. ಇನ್ನೊಮ್ಮೆ ಒತ್ತಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಗಾಡಿ ನೋಡಿದ, ಹ್ಯಾಂಡಲಿನ ಖಣ ನೋಡಿದ, ಕುಂಕುಮ ನೋಡಿದ. ಆಮೇಲೆ ಡ್ರೈವರಿಗೆ ಕೂಗಿ ಹೇಳಿದ: “ನಡೀರಿ, ಲಾರಿ ಅಲ್ಲ. ಲಾರಿ ಹಾಕಿದ ಕರಾ!”

ಎರಡು ನಿಂಬೆಹಣ್ಣು

ಇಂಡಿಯಲ್ಲಿ ಒಬ್ಬ ಮೇಸ್ತ್ರಿ ಎಂಥಾ ಗಾಡಿಗೂ ಎಂಥಾದ್ದೂ ಕೂಡಿಸುತ್ತಾನೆ ಅಂದರು. ಹೋದೆ. ಅವನೂ ಗಾರ್ಡ್ ಹಿಡಿದು ನೋಡಿದ. “ಇದರ ತೂತು ಒಂದ್ ಕಡಿ, ಗಾಡಿ ತೂತು ಒಂದ್ ಕಡಿ. ಇದು ಕೂಡೂ ಮಾತಲ್ರಿ. ಮನ್ಯಾಗ ದನ ಅದಾವೇನು?”

“ಎರಡು ಎಮ್ಮಿ.”

ಅಂದದ್ದೇ ತಪ್ಪಾಯಿತು. ಚಹಾ ಕುಡಿದು ಬರುವಷ್ಟರಲ್ಲಿ ಹಾಲಿನ ಕ್ಯಾನ್ ತೂಗುಹಾಕಲು ಹಿಂದೆ ಎರಡೂ ಕಡೆ ಕೊಂಡಿ ಕೂಡಿಸಿದ್ದ. ಗೇಣುದ್ದದ ಕೊಂಡಿ. ಎತ್ತಿನ ಕೋಡಿನ ಹಾಗೆ. ಗಾರ್ಡ್ ಮಾತ್ರ ಚೀಲದಲ್ಲೇ ಉಳಿಯಿತು. ಮೇಲೆ ಒಂದು ಉಪಕಾರ ಬೇರೆ ಮಾಡಿದ. “ನಿಮ್ಮ ಗಾಡಿ ಹಿಂದಕ್ಕೂ ಹೋಗ್ತೈತಿ, ಗೊತ್ತೈತೇನು? ಈ ಗುಂಡಿ ಒತ್ತಿ ಹಿಡೀರಿ.”

ಇಂಡಿಗೆ ಬಂದ ಮೇಲೆ ನಿಂಬೆಹಣ್ಣು ಒಯ್ಯದೆ ಹೋಗುವುದು ಹೇಗೆ? ಗಾಡಿ ಪೂಜೆ ಇನ್ನೂ ಆಗಿರಲಿಲ್ಲ. ಗಾಲಿ ಕೆಳಗಿಡಲು ಎರಡು ಬೇಕು. ಬಜಾರಿನಲ್ಲಿ ನೆಲದ ಮೇಲೆ ರಾಶಿ ರಾಶಿ ಸುರಿದಿದ್ದರು. ಗಾಡಿ ಮೇಲೆ ಕೂತೇ ಎರಡು ಕೊಂಡೆ. ಅಂಗಿಯ ಕಿಸೆಯಲ್ಲಿಟ್ಟು ಮುಂದೆ ಹೋಗೋಣ ಅಂತ ಕೈ ತಿರುವಿದೆ. ಹೆಬ್ಬೆರಳು ಆ ಗುಂಡಿಯ ಮೇಲೇ ಇತ್ತು.

ಗಾಡಿ ಹಿಂದಕ್ಕೆ ಹೊರಟಿತು. ಸಪ್ಪಳವಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ರಾಶಿ ಹತ್ತಿತು, ಇಳಿಯಿತು. ಒಂದು ಕೊಂಡಿಗೆ ತುಂಬಿದ ಚೀಲ ಸಿಕ್ಕಿತು, ಇನ್ನೊಂದಕ್ಕೆ ತಕ್ಕಡಿ. ಎರಡನ್ನೂ ಎಳಕೊಂಡು ಮುಂದಿನ ರಾಶಿಗೂ ಹೋಯಿತು. ಒಳಗಿನಾಕಿ ಮಾತ್ರ ಶಾಂತವಾಗಿ “ವಾಹನ ಹಿಂದಕ್ಕೆ ಚಲಿಸುತ್ತಿದೆ” ಅಂತ ಹೇಳುತ್ತಿದ್ದಳು. ಅದು ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು.

ನಿಂತಾಗ ನಾನು ಮೊಣಕಾಲ ತನಕ ನಿಂಬೆಹಣ್ಣಿನಲ್ಲಿದ್ದೆ. ಬಯ್ಯುತ್ತಾರೆ ಅಂದುಕೊಂಡೆ. ವ್ಯಾಪಾರಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

“ಕಾಕಾ,” ಅಂದ, “ಗಾಡಿ ಪೂಜಿಗಿ ಎರಡ ಸಾಕಾಗ್ತಿದ್ದೂರಿ.”

ಹಿರಿಯರು ಒಪ್ಪಿದರು

ಶನಿವಾರ ಮಗಳ ಫೋನ್ ಬಂತು. “ಅಪ್ಪಾ, ಇಲ್ಲೆ ಬಂಡಿ ಮಾಡೂ ಕಮ್ಮಾರ ಮುತ್ಯಾ ಒಬ್ರು ಅದಾರ. ತಗೊಂಡು ಬಾ.” ಅದೇ ಕಡೆಯ ಆಸೆ. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು.

ರವಿವಾರ ಹೊರಟೆ. ಬಸವನ ಬಾಗೇವಾಡಿ ಹತ್ತಿರ ಬ್ಯಾಟರಿ ಮುಗಿಯಿತು. ನೂಕುತ್ತಾ ಹೋದೆ. ಒಂದು ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಬಾಗಿಲಲ್ಲಿ ನಾಲ್ಕೈದು ಮಂದಿ ನಿಂತಿದ್ದರು.

“ಗಾಡಿ ಒಂದೀಟು ಚಾರ್ಜಿಗಿ—” ಅಂದೆ.

“ಹಚ್ಚೂಣ ಬರ್ರಿ, ಅದೇನ್ ದೊಡ್ಡ ಮಾತು! ನೀವು ಒಳಗ ಬರ್ರಿ.” ಕಾಲಿಗೆ ನೀರು ಕೊಟ್ಟರು. ಪಟಕಾ ಸುತ್ತಿದ ಯಜಮಾನರು ಕೈ ಹಿಡಿದು ಗಾದಿಯ ಮೇಲೆ ಕೂಡಿಸಿದರು.

“ಸಿಂದಗಿ ಕಡಿಯವ್ರಲ್ಲ?”

“ಹೂಂನ್ರಿ.”

“ಉಳಿದವ್ರು?”

“ನಾನೊಬ್ಬನ ಬಂದೇನ್ರಿ.”

“ಚೊಲೋ ಆತು. ಹಿರಿಯರು ಮೊದ್ಲ ಬರೂದು ಚೊಲೋ.”

ಶಿರಾ ಬಂತು, ಚೂಡಾ ಬಂತು, ಚಹಾ ಬಂತು, ಮತ್ತೆ ಶಿರಾ ಬಂತು. ಬಾಗೇವಾಡಿಯವರು ಇಷ್ಟು ಒಳ್ಳೆಯವರು ಅಂತ ನನಗೆ ಗೊತ್ತಿರಲಿಲ್ಲ. ಹೊತ್ತು ಸರಿಯಿತು. ಇಳಕಲ್ ಸೀರೆ ಉಟ್ಟ ಒಬ್ಬ ಹುಡುಗಿ ಬಂದು ಕಾಲಿಗೆ ನಮಸ್ಕಾರ ಮಾಡಿದಳು. “ಚೊಲೋ ಆಗ್ಲವಾ” ಅಂದೆ.

“ಹೆಂಗ್ರಿ ನಮ್ಮ ಹುಡುಗಿ? ಒಪ್ಪಿಗ್ಯೇನು?” ಅಂದರು ಯಜಮಾನರು.

ಶಿರಾ ತಿಂದ ಬಾಯಿ. ಹೂಂ ಅಂದೆ. ಎಲ್ಲರೂ ನಕ್ಕರು. ಯಾರೋ ಸಕ್ಕರೆ ತಂದು ಬಾಯಿಗೆ ಹಾಕಿದರು. ಆಗ ನನಗೆ ಏನೋ ತಪ್ಪಿದೆ ಅನಿಸಿತು.

ಅಷ್ಟರಲ್ಲಿ ಬಾಗಿಲಿಗೆ ಒಂದು ಜೀಪು ಬಂತು. ಹನ್ನೊಂದು ಮಂದಿ ಇಳಿದರು. ಕನ್ಯಾ ನೋಡಲು ಸಿಂದಗಿ ಕಡೆಯಿಂದ ಬರಬೇಕಾದವರು ಅವರು. ಮನೆಯವರು ಗಾಡಿಗೆ ಕಟ್ಟಿದ ಖಣ, ಕುಂಕುಮ ನೋಡಿ ನಾನೇ ಬೀಗರ ಕಡೆಯ ಹಿರಿಯ ಅಂತ ತಿಳಿದಿದ್ದರು.

ಜೀಪಿನ ಯಜಮಾನರು ನನ್ನನ್ನು ನೋಡಿ, “ಇವ್ರು ಯಾರ್ರಿ?” ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. “ಚಾರ್ಜಿಗಿ ಬಂದಾಂವ್ರಿ” ಅಂದೆ.

ಮೊದಲು ನಕ್ಕವಳು ಆ ಹುಡುಗಿ. ನಾನು ವೈರ್ ಸುತ್ತಿಕೊಂಡು ಹೊರಬಿದ್ದೆ. ಒಳಗೆ ಪಟಕಾದ ಯಜಮಾನರು ಹಟ ಹಿಡಿದದ್ದು ಓಣಿಯ ತನಕ ಕೇಳಿಸಿತು: “ಅದೆಲ್ಲಾ ಗೊತ್ತಿಲ್ರಿ. ಸಿಂದಗಿ ಕಡಿ ಹಿರಿಯರು ಆಗ್ಲೇ ಹೂಂ ಅಂದಾರ!”

ಒಳಗಿನಾಕಿಗೆ ಪೆಟ್ಟು

ಮುದ್ದೇಬಿಹಾಳದ ಕಮ್ಮಾರ ಮುತ್ಯಾ ಗಾರ್ಡ್ ತೊಡೆಯ ಮೇಲಿಟ್ಟುಕೊಂಡರು. ಹೊಳೆಯುವ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು.

“ಎಡಕ್ಕ ಕುಂದರ್ತಿದ್ರಲ್ಲ?”

“ಹೂಂ.”

ಮುತ್ಯಾ ಎದ್ದರು. ಬಂಡಿಗೆ ಹಾಕುವ ಎರಡು ಕಬ್ಬಿಣದ ಪಟ್ಟಿ ಬಗ್ಗಿಸಿದರು. ಗಾಡಿಯ ಕೆಳಗಿನ ಸರಳಿಗೆ ಸುತ್ತಿದರು. ಸುತ್ತಿಗೆಯಿಂದ ಹದ ಮಾಡಿ ಬೋಲ್ಟು ಬಿಗಿದರು. ಬೆಂಕಿ ಇಲ್ಲ, ತೂತು ಇಲ್ಲ. ಗಾರ್ಡ್ ಕೂತಿತು. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಮಗಳು ನೋಡಿದಳು. ನನಗೆ ನೀರು ತರುತ್ತೇನೆಂದು ಹೋದಳು. ನೀರು ಬರಲು ಬಹಳ ತಡವಾಯಿತು.

ನಾನು ಗುಂಡಿ ಒತ್ತಿದೆ. “ನಮಸ್ಕಾರ” ಅಂದಳು ಒಳಗಿನಾಕಿ.

ಮುತ್ಯಾ ಸುತ್ತಿಗೆ ಕೆಳಗಿಟ್ಟು ಎರಡೂ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಬೈದರು: “ಒಳಗ ಹೆಣ್ಮಕ್ಳು ಅದಾರಂತ ಮೊದ್ಲ ಹೇಳಬಾರ್ದೇನೋ? ಇಷ್ಟೊತ್ತು ಸುತ್ತಿಗಿಲೆ ಬಡದ್ನಲ್ಲ!”

ಜೋರು ಹೊಡಿ

ಸೋಮವಾರ ನಾನು ಊರು ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಪಕ್ಕದಲ್ಲಿ ಗುಜರಿಯವನು, ತಕ್ಕಡಿ, ಬೆಳ್ಳುಳ್ಳಿ ಬುಟ್ಟಿ. ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಲಾರಿ ಹಾರ್ನು, ಹಾಲಿನ ಕೊಂಡಿ, ಬಂಡಿ ಪಟ್ಟಿ, ಗಾರ್ಡ್ ಎಲ್ಲ ನೋಡಿದ. “ಅಕ್ಕಾರ, ಗಾಡಿ ಪೂರಾ ಹಾಕೂದೇನ್ರಿ?” ಅಂದ.

ಅಕ್ಕ ಅವನನ್ನು ಕಳಿಸಿದಳು. ಬಗ್ಗಿ ಗಾರ್ಡ್ ಜಗ್ಗಿ ನೋಡಿದಳು. ಅಲುಗಲಿಲ್ಲ. “ಆತು,” ಅಂದಳು, “ನನ್ನ ಆಲಮೇಲಕ್ಕ ಬಿಟ್ಟು ಬಾ.”

ಎಡಕ್ಕೆ ಕೂತಳು. ಪಟ್ಟಿಯ ಮೇಲೆ ಕಾಲಿಟ್ಟಳು. ಊರು ದಾಟಿದೆವು. ಎರಡೂ ಕಡೆ ಕಬ್ಬು ನಿಂತಿತ್ತು.

“ತಮ್ಮಾ, ನಿನಗೊಂದು ಹೇಳ್ಲೇನು? ಆಕಿ ನನ್ನ ಮುಂದ ಅಂದಿದ್ಳು. ‘ಅಕ್ಕಾರ, ಇವ್ರಿಗಿ ಮನ್ಯಾಗ ಏನ್ ಕೇಳಿದ್ರೂ ನೋಡೂಣ ಅಂತಾರ. ಗಾಡಿ ಮ್ಯಾಲ ಕೇಳಬೇಕು. ಸಪ್ಪಳದಾಗ ಕೇಳಸೂದಿಲ್ಲ, ಎಲ್ಲಾದಕ್ಕೂ ಹೂಂ ಅಂತಾರ.’ ಎಮ್ಮಿ ಹಂಗ ಬಂತು. ಹೊಲಿಗಿ ಮಷಿನ್ ಹಂಗ ಬಂತು. ನಿನ್ನ ಅಳಿಯಾನೂ ಹಂಗ ಬಂದ. ಎಲ್ಲಾ ಈ ಪಟ್ಟಿ ಮ್ಯಾಲ ಕಾಲಿಟ್ಟ ಕೇಳಿದ್ದು.”

ನನಗೆ ನಗು ಬಂತು. ನಮ್ಮಾಕಿ ಹೋದ ಮೇಲೆ ಮೊದಲನೇ ಸಲ. ಕಣ್ಣು ಮಂಜಾಗಿ ಗಾಡಿ ತುಸು ಓಲಾಡಿತು. ಇಪ್ಪತ್ತು ವರ್ಷ ಕೇಳದೆ ಹೂಂ ಅಂದು ನಾನೇ ಆಕೆಗೆ ಮೋಸ ಮಾಡಿದೆ ಅಂದುಕೊಂಡಿದ್ದೆ.

ಅಕ್ಕ ಪಟ್ಟಿಯ ಮೇಲೆ ಕಾಲು ಊರಿ ಸರಿಯಾಗಿ ಕೂತಳು. ಆಮೇಲೆ ನನ್ನ ಹೆಗಲು ತಟ್ಟಿ, “ಒಂದೀಟು ಜೋರು ಹೊಡಿ” ಅಂದಳು.

ಜೋರು ಹೊಡೆದೆ.

“ಇನ್ನೂ ಜೋರು.”

ಇನ್ನೂ ಜೋರು ಹೊಡೆದೆ. ಆಗ ಹಿಂದಿನಿಂದ ಮೆಲ್ಲಗೆ, ಬೇರೆ ಏನೋ ಹೇಳುವ ಹಾಗೆ ಒಂದು ದನಿ ಬಂತು. “ನಮ್ಮ ಓಣ್ಯಾಗ ಒಬ್ಬಾಕಿ ಅದಾಳ. ಚೊಲೋ ಹೆಣ್ಮಗಳು. ನಿನ್ನ ಮದಿವಿ ಮಾತು ಆಡಿ ಬಿಡ್ಲೇನು?”

ಗಾಡಿಗೆ ಸಪ್ಪಳ ಎಲ್ಲಿ? ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸಿತು.

“ಊಂಹೂಂ” ಅಂದೆ. ನನ್ನ ಜನ್ಮದಲ್ಲಿ ಅಷ್ಟು ಲಗೂನ ಯಾರಿಗೂ ಅಂದಿರಲಿಲ್ಲ.

“ಕೇಳಿಸ್ತೇನು?”

“ಎಲ್ಲಾ ಕೇಳಿಸ್ತಕ್ಕಾ.”

ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. “ಬೆಂಕಿ ಹಚ್ಚಲಿ ಈ ಗಾಡಿಗಿ! ಒಂದ್ ಮಾತರ ಗಾಳಿಗಿ ಹೋಗವಲ್ದು!”