ಪತ್ರಿಕೆ ಹಂಚಿದ ಶಿಷ್ಯ

ನಮ್ಮ ಸೋದರಮಾವನ ಮುಂದೆ ಯಾರೂ ‘ಸುಮ್ಮನೆ’ ಎನ್ನಬಾರದು! ಎಂದಿರೋ, ಕೆಟ್ಟಿರಿ. ‘ಸುಮ್ನೆ ಬಂದೆ ಮಾವ’ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ, ‘ಹೋದ್ಸಲವೂ ಭಾನುವಾರ, ಅದರ ಹಿಂದಿನ ಸಲವೂ ಭಾನುವಾರ. ಮೂರು ಸಲವೂ ನಮ್ಮನೇಲಿ ಕೋಳಿ ಸಾರು. ಸುಮ್ನೆ ಅಂತೀಯಲ್ಲೋ!’ ಎಂದು ಬಾಗಿಲಲ್ಲೇ ಹಿಡಿದು ಹಾಕಿದ್ದರು. ಲೋಕದಲ್ಲಿ ಏನೇ ನಡೆದರೂ ಅದರ ಹಿಂದೆ ಒಂದು ನಿಯಮ ಅವಿತು ಕೂತಿರುತ್ತದೆ, ಕಿವಿ ಹಿಡಿದು ಎಳೆದರೆ ಹೊರಗೆ ಬರುತ್ತದೆ ಎಂಬುದು ಅವರ ನಂಬಿಕೆ.

ಮನೆ ಗುಬ್ಬಿಯಲ್ಲಿ, ಕೆಲಸ ಕ್ಯಾತ್ಸಂದ್ರದ ಕಡೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಈಗಿನ ಮಿಷಿನ್ನುಗಳಿಗೆ ಬೆಕ್ಕು ಯಾವುದೆಂದು ಕಲಿಸಲು ರಾಶಿ ರಾಶಿ ಬೆಕ್ಕಿನ ಫೋಟೋ ತಿನ್ನಿಸಬೇಕಂತೆ. ಮಾವನಿಗೆ ಅದೆಂದರೆ ತಾತ್ಸಾರ. ‘ಬೆಂಕಿ ಸುಡ್ತದೆ ಅಂತ ಕಲಿಯೋಕೆ ಮಗು ಲಕ್ಷ ಸಲ ಕೈ ಇಡ್ತದೇನೋ?’ ಅವರು ಬರೆದ ಪ್ರೋಗ್ರಾಮಿನ ಹೊಟ್ಟೆ ಚಿಕ್ಕದು. ‘ಹೌದು’ ಎನ್ನುವ ಕೆಲವು ಉದಾಹರಣೆ, ‘ಅಲ್ಲ’ ಎನ್ನುವ ಕೆಲವು, ಜೊತೆಗೆ ಮೊದಲೇ ತಿಳಿದಿರಬೇಕಾದ ಒಂದಷ್ಟು ಸಂಗತಿ ಕೊಟ್ಟರೆ ಸಾಕು. ಎಲ್ಲಕ್ಕೂ, ಆಗದಿದ್ದರೆ ಆದಷ್ಟಕ್ಕೆ, ಹೊಂದುವ ನಿಯಮವನ್ನು ತಾನೇ ಕಟ್ಟಿ, ನಾವು ಓದುವಂಥ ಒಂದು ವಾಕ್ಯದಲ್ಲಿ ಹೇಳುತ್ತದೆ. ಅದಕ್ಕೆ ಮಾವ ಇಟ್ಟ ಹೆಸರು ‘ಶಿಷ್ಯ’. ಹೇಳಿದ್ದನ್ನು ಕೇಳುವ ಶಿಷ್ಯ ಕಾಲೇಜಿನಲ್ಲಿ ಸಿಗಲಿಲ್ಲ, ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ!

ಶಿಷ್ಯನ ಮೊದಲ ಸಾಧನೆ ಉಪ್ಪಿಟ್ಟಿನದು. ಅತ್ತೆ ಯಾವ ದಿನ ಉಪ್ಪಿಟ್ಟು ಮಾಡುತ್ತಾರೆ, ಯಾವ ದಿನ ಮಾಡುವುದಿಲ್ಲ ಎಂದು ಮಾವ ಹದಿನೈದು ದಿನ ಬರೆದಿಟ್ಟರು. ಮನೆಗೆ ಯಾರು ಬಂದರು, ಯಾರು ಹೋದರು ಎಂಬುದನ್ನೂ ಸೇರಿಸಿದರು. ಶಿಷ್ಯ ಹೇಳಿದ: ‘ಗಂಡನ ಕಡೆಯವರು ಬಂದು ಹೋದ ಮರುದಿನ ಉಪ್ಪಿಟ್ಟು.’ ಮಾವ ಸುಮ್ಮನಿರಬೇಕೋ ಬೇಡವೋ? ತಿಂಡಿಗೆ ಕೂತಾಗ ಅತ್ತೆಯ ಎದುರಿಗೇ ಗಟ್ಟಿಯಾಗಿ ಓದಿದರು. ಆಮೇಲೆ ಯಾರೂ ಬರದೆ ಹೋದರೂ ವಾರವಿಡೀ ಉಪ್ಪಿಟ್ಟು!

ಹೀಗಿರುವಾಗ ಮಾವನ ಮಗಳ ಮದುವೆ ಗೊತ್ತಾಯಿತು. ನಮ್ಮ ಕಡೆ ಊಟದಲ್ಲಿ ಹೆಚ್ಚುಕಮ್ಮಿಯಾದರೆ ಜನ ಕ್ಷಮಿಸುತ್ತಾರೆ, ಕರೆಯುವುದರಲ್ಲಿ ಆದರೆ ಕ್ಷಮಿಸುವುದಿಲ್ಲ. ಯಾರನ್ನು ಮನೆಗೇ ಹೋಗಿ ಕುಂಕುಮ ಇಟ್ಟು ಕರೆಯಬೇಕು, ಯಾರಿಗೆ ಫೋನ್ ಸಾಕು, ಯಾರಿಗೆ ವಾಟ್ಸಾಪ್ ನಡೆಯುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ. ಆದರೆ ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ! ಆರು ವರ್ಷದ ಹಿಂದೆ ಹೊಸ ಮನೆಯ ಗೃಹಪ್ರವೇಶದಲ್ಲಿ ಮಾವ ಹೀಗೇ ತಪ್ಪಿದ್ದರು. ‘ನಮ್ಮೋರೇ ಅಲ್ವಾ, ಅವರನ್ನೇನು ಕರೆಯೋದು’ ಎಂದು ತಮ್ಮ ಭಾವನಿಗೆ, ಅಂದರೆ ಕೊತ್ತಗೆರೆಯಲ್ಲಿರುವ ನಮ್ಮಪ್ಪನಿಗೆ, ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದ್ದರು. ಅಪ್ಪ ಅವತ್ತು ಬರಲಿಲ್ಲ. ಆಮೇಲೂ ಆ ಮನೆ ಮೆಟ್ಟಿಲು ಹತ್ತಲಿಲ್ಲ. ಯಾಕೆ ಭಾವ ಎಂದು ಮಾವ ಫೋನಿನಲ್ಲಿ ಕೇಳಿದರೆ ಅಪ್ಪ ಏನೆನ್ನಬೇಕು? ‘ಏನಿಲ್ಲ ಬುಡಪ್ಪ. ಸುಮ್ನೆ.’

ಆ ‘ಸುಮ್ನೆ’ ಮಾವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಮ್ಮನಿಗೆ ಅದಕ್ಕಿಂತ ದೊಡ್ಡ ಸಂಕಟ. ಆರು ವರ್ಷದಿಂದ ಗೌರಿ ಹಬ್ಬಕ್ಕೆ ತವರಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ‘ತಮ್ಮನ ಮಗಳ ಮದ್ವೇಲೂ ಒಬ್ಳೇ ನಿಲ್ಬೇಕೇನೋ’ ಎಂದು ನನ್ನ ಹತ್ತಿರ ಎಷ್ಟು ಸಲ ಕಣ್ಣೀರು ಹಾಕಿದಳೋ.

ಮಾವ ಶಿಷ್ಯನನ್ನು ಕೆಲಸಕ್ಕೆ ಹಚ್ಚಿದರು. ಗೃಹಪ್ರವೇಶಕ್ಕೆ ಮನೆಗೆ ಬಂದು ಕರೆಯಲಿಲ್ಲವೆಂದು ಮುನಿದವರು ಅಪ್ಪನೂ ಸೇರಿ ಏಳು ಜನ. ಮೊದಲು ಆ ಏಳನ್ನಷ್ಟೇ ಕೊಟ್ಟರು. ಶಿಷ್ಯ ಹೇಳಿದ: ‘ಎಲ್ಲರನ್ನೂ ಮನೆಗೆ ಹೋಗಿ ಕರೆಯಬೇಕು.’

‘ನೋಡಿದ್ಯಾ? ಅಲ್ಲ ಅನ್ನೋದನ್ನ ತೋರಿಸದಿದ್ರೆ ಎಲ್ಲಕ್ಕೂ ಹೂಂ ಅಂತಾನೆ’ ಎಂದರು ಮಾವ.

‘ನಿಮಗಿಂತ ಅವನೇ ವಾಸಿ’ ಎಂದರು ಅತ್ತೆ.

ಬರೀ ಫೋನಿಗೇ ನಗುನಗುತ್ತಾ ಬಂದ ಹತ್ತು ಜನರನ್ನೂ ಸೇರಿಸಿದ್ದಾಯಿತು. ಯಾರ ಮನೆ ಎಲ್ಲಿ, ಯಾರ ವಯಸ್ಸೆಷ್ಟು, ಯಾರ ಹಿತ್ತಲಲ್ಲಿ ಯಾವ ಮರ, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದರು. ಶಿಷ್ಯ ಬಹಳ ಯೋಚಿಸಿ, ‘ಹಲಸಿನ ಮರ ಇರುವವರನ್ನು ಮನೆಗೆ ಹೋಗಿ ಕರೆಯಬೇಕು’ ಎಂದ!

‘ಏಳರಲ್ಲಿ ಐದಕ್ಕೆ ಹೊಂದುತ್ತೆ ಕಣೇ’ ಎಂದರು ಮಾವ.

‘ಅವರು ಮರ ಕಡಿಸಿದ್ರೆ ಕರೆಯೋದೇ ಬೇಡ್ವಾ?’

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಅವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆಗಲೇ. ‘ಶಿಷ್ಯ ದಡ್ಡ ಅಲ್ಲ ಕಣೋ. ನಾವೇ ಅವನಿಗೆ ಏನನ್ನೋ ಹೇಳಿಲ್ಲ. ಹೇಳದೇ ಇರೋದನ್ನ ಅವನಾದ್ರೂ ಎಲ್ಲಿಂದ ತರ್ತಾನೆ?’ ಪಾಪ, ನನ್ನ ಹತ್ತನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ಒಂದು ದಿನವಾದರೂ ಹೀಗೆ ಯೋಚಿಸಿದ್ದರೆ!

ಆ ಭಾನುವಾರ ಅಮ್ಮ ಗುಬ್ಬಿಗೆ ಬಂದು, ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಮಾವ ನೋಟ್‌ಬುಕ್ ಹಿಡಿದು ಎದುರಿಗೆ ಕೂತರು. ‘ಅಕ್ಕ, ಈ ಏಳು ಜನ ನಮಗೆ ಏನು ಮಾಡಿದ್ರು ಹೇಳು.’

ಅಮ್ಮ ‘ಅಪ್ಪ ಹೋದಾಗ ಇವರೇ ಅಲ್ವೇನೋ...’ ಎಂದು ಶುರುಮಾಡಿದಳು.

‘ಬಿಡ್ತು ಅನ್ನಿ ಅತ್ತಿಗೆ!’ ಅತ್ತೆ ಅಡುಗೆಮನೆಯಿಂದ ಓಡಿಬಂದರು. ‘ಮದ್ವೆ ಪತ್ರಿಕೆ ಎದುರಿಗಿಟ್ಕೊಂಡು ಸಾವಿನ ಮಾತಾ?’

‘ಅದೇ! ಅದನ್ನೇ ಯಾರೂ ಹೇಳಿರಲಿಲ್ಲ! ಹೇಳಕ್ಕ!’ ಎಂದು ಮಾವ ಎದ್ದೇ ನಿಂತರು.

ಗೃಹಪ್ರವೇಶದ ಹಿಂದಿನ ವರ್ಷ ತಾತ ತೀರಿಹೋದಾಗ ಮೂರು ದಿನ ಮಾವನ ಹಳೇ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಊಟವೆಲ್ಲ ಹೊರಗಿನಿಂದಲೇ ಬಂದಿತ್ತು. ಯಾರ್ಯಾರು ತಂದರೆಂದು ಅಮ್ಮ ಬೆರಳು ಮಡಿಸುತ್ತಾ ಹೇಳಿದಳು. ಆರು ಹೆಸರಾದ ಮೇಲೆ ನನ್ನ ಕಡೆ ನೋಡಿ, ‘ಆಮೇಲೆ ಇವರಪ್ಪ’ ಎಂದಳು. ‘ನಾನು ಗುಬ್ಬೀಲೇ ಇದ್ನಲ್ಲ. ಮನೇಲಿ ಮಾಡೋರು ಯಾರಿದ್ರು? ಒಲೆ ಮುಂದೆ ಕೂತವರೇ ಅಲ್ಲ, ಅನ್ನ ಸಾರು ತಾವೇ ಮಾಡ್ಕೊಂಡು, ಮೂರು ದಿನವೂ ಕುಣಿಗಲ್ಲು, ತುಮಕೂರು ಅಂತ ಬಸ್ಸು ಬದಲಾಯಿಸ್ಕೊಂಡು ಹೊತ್ಕೊಂಡು ಬಂದ್ರು.’

ಮಾವನ ಮುಖ ಇಳಿದುಹೋಯಿತು. ‘ಆ ಸಾರು ಭಾವ ಮಾಡಿದ್ದಾ? ನಾನು ಅದಕ್ಕೆ ಉಪ್ಪು ಜಾಸ್ತಿ ಅಂದಿದ್ದೆ ಅಕ್ಕ.’

‘ಹೂಂ. ಅವರು ಅಲ್ಲೇ ನಿಂತಿದ್ರು.’

ಮಾವ ಆ ಏಳು ಹೆಸರನ್ನೂ ತುಂಬಿದರು. ಶಿಷ್ಯ ಈ ಸಲ ತಡಮಾಡಲಿಲ್ಲ: ‘ನಮ್ಮ ಒಲೆ ಉರಿಯದ ದಿನ ಅನ್ನ ತಂದವರ ಮನೆಗೆ ನಾವೇ ಹೋಗಿ ಕರೆಯಬೇಕು.’ ಏಳಕ್ಕೆ ಏಳೂ ಹೊಂದಿತು. ಆ ಹತ್ತು ಜನರಲ್ಲಿ ಒಬ್ಬರೂ ಇದರೊಳಗೆ ಬರಲಿಲ್ಲ. ಇಷ್ಟು ದೊಡ್ಡ ಗೆಲುವಿಗೆ ಮಾವ ಚಪ್ಪಾಳೆ ತಟ್ಟಬೇಕಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ, ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಕೊತ್ತಗೆರೆಗೆ ಹೊರಟರು. ಅಪ್ಪ ಜಗಲಿಯ ಮೇಲೆ ಕೂತಿದ್ದ. ಮಾವ ಪತ್ರಿಕೆ, ಎಲೆ ಅಡಿಕೆ ಇಟ್ಟ ತಟ್ಟೆ ಹಿಡಿದು ಮುಂದೆ ನಿಂತರು. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದರು. ಬಾಯಿಗೆ ಬಂದದ್ದು ಇಷ್ಟೇ:

‘ಭಾವ, ಸಾರು ಚೆನ್ನಾಗಿತ್ತು.’

‘ಸುಳ್ಳು ಹೇಳ್ಬ್ಯಾಡ. ಉಪ್ಪು ಜಾಸ್ತೀನೇ ಆಗಿತ್ತು’ ಎಂದು ಅಪ್ಪ ಎದ್ದು, ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡ. ‘ಒಳಕ್ಕೆ ಬಾ.’

ಒಳಗೆ ಅತ್ತೆ ಅಮ್ಮನ ಹಣೆಗೆ ಕುಂಕುಮ ಇಟ್ಟು, ‘ಮದ್ವೆಗೆ ಬನ್ನಿ ಅತ್ತಿಗೆ’ ಎಂದರು. ಅಮ್ಮ ಅಳು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಉತ್ತರ ಹೇಳಿದ್ದು ಹಿಂದೆ ನಿಂತಿದ್ದ ಅಪ್ಪ.

‘ಇಬ್ರೂ ಬರ್ತೀವಿ ಕಣವ್ವ.’