ಬೆನ್ನಿಗೆ ಹಚ್ಚಿದ ಪಟ್ಟಿ

ಚಟ ಬಿಡುವುದು ಎಷ್ಟು ಸುಲಭ ಎಂದು ವಿವರಿಸುವವರು ಸಾಮಾನ್ಯವಾಗಿ ಆ ಚಟ ಇಲ್ಲದವರೇ ಆಗಿರುತ್ತಾರೆ. ನಾನೂ ಅವರಲ್ಲೊಬ್ಬಳು. ನಮ್ಮವರ ಸಿಗರೇಟಿನ ಬಗ್ಗೆ ಮದುವೆಯಾದಾಗಿನಿಂದ ಉಪದೇಶ ಮಾಡಿದ್ದೇನೆ. ರೊಟ್ಟಿ ಬಡಿಯುತ್ತ, ಬಟ್ಟೆ ಒಣಹಾಕುತ್ತ, ಒಮ್ಮೆ ಸೇಡಂ ಬಸ್ಸಿನಲ್ಲಿ ಇಡೀ ದಾರಿ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ನೀ ಹೇಳೋದು ಖರೇ ಅದ" ಎಂದು ಒಪ್ಪಿ, ಆ ಒಪ್ಪಿಗೆಯನ್ನು ಗಟ್ಟಿ ಮಾಡಿಕೊಳ್ಳಲು ಅಂಗಳಕ್ಕೆ ಹೋಗಿ ಒಂದು ಹಚ್ಚುತ್ತಿದ್ದರು.

ಕೆಮ್ಮು ಹೆಚ್ಚಾದಾಗ ಕಲಬುರಗಿಯ ಡಾಕ್ಟರು ಉಪದೇಶ ಮಾಡಲಿಲ್ಲ. ಈ ಸಲ ಬಿಡದಿದ್ದರೆ ಮುಂದೆ ಮಾಳಿಗೆ ಹತ್ತುವುದಕ್ಕೂ ಉಸಿರು ಸಾಲದು ಎಂದಷ್ಟೇ ಹೇಳಿ, ಸಿಗರೇಟಿನ ಬಯಕೆ ತಗ್ಗಿಸಲು ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿಗಳನ್ನು ಬರೆದುಕೊಟ್ಟರು. ದಿನಕ್ಕೊಂದು, ಒಣಗಿದ ಶುದ್ಧ ಚರ್ಮದ ಮೇಲೆ. ತೋಳಾಗಲಿ, ಎದೆಯಾಗಲಿ, ಬೆನ್ನಾಗಲಿ.

ತೊಂದರೆ ಶುರುವಾದದ್ದೇ ಅಲ್ಲಿ. ನಮ್ಮವರು ಸ್ನಾನ ಮುಗಿಸಿ ಪೂಜೆಗೆ ಕೂತರೆ ಹಣೆ, ಎದೆ, ಎರಡೂ ತೋಳಿಗೆ ಢಾಳಾಗಿ ವಿಭೂತಿ ಧರಿಸುವವರು. ಪಟ್ಟಿ ವಿಭೂತಿಗೆ ಅಂಟಿತೇ ಹೊರತು ಮನುಷ್ಯನಿಗೆ ಅಂಟಲಿಲ್ಲ. ಅವರು ಚಿತ್ತಾಪುರದ ತಹಸೀಲ್ ಕಚೇರಿಯ ಎದುರು ಬೇವಿನ ಮರದಡಿ ಮೇಜು ಹಾಕಿಕೊಂಡು ಜನರ ಅರ್ಜಿ ಬರೆಯುತ್ತಾರೆ. ಮೊದಲ ದಿನದ ಪಟ್ಟಿ ತೋಳಿನಿಂದ ಜಾರಿ ಯಾರದೋ ಪಹಣಿ ತಿದ್ದುಪಡಿಯ ಅರ್ಜಿಗೆ ಅಂಟಿಕೊಂಡು, ಇನ್ನೇನು ಸಾಹೇಬರ ಮೇಜಿಗೇ ಹೋಗುವುದಿತ್ತಂತೆ. ಒಂದು ತೋಳಿಗಾದರೂ ವಿಭೂತಿ ಬಿಡಿ ಎಂದೆ.

"ಸಿಗರೇಟು ಬಿಡಾಕತ್ತೀನಿ. ಒಂದೇ ಸಲಕ್ಕ ಎಷ್ಟಂತ ಬಿಡಲಿ?" ಎಂದರು.

ಹೀಗಾಗಿ ಪಟ್ಟಿ ಬೆನ್ನಿಗೆ ಹೋಯಿತು. ಅಲ್ಲಿಗೆ ವಿಭೂತಿಯೂ ಮುಟ್ಟುವುದಿಲ್ಲ, ಅವರ ಕೈಯೂ ಮುಟ್ಟುವುದಿಲ್ಲ. ಹಚ್ಚುವ ಕೆಲಸ ನನ್ನದಾಯಿತು. ಬೆನ್ನೊರೆಸಿ, ಪಟ್ಟಿ ಇಟ್ಟು, ಅಂಗೈಯಿಂದ ಒತ್ತಿ ಹಿಡಿಯುವಾಗ ನನಗೆ ಅರ್ಧ ಡಾಕ್ಟರಾದ ಭಾವ. ಆದರೆ ಕಷ್ಟಪಟ್ಟವರು ಅವರು, ಅದನ್ನು ಹೇಳಲೇಬೇಕು. ಬಾಯಿಗೆ ಬಡೇಸೋಪು ಹಾಕಿಕೊಂಡು ಮನೆ ತುಂಬ ತಿರುಗುತ್ತಿದ್ದರು. ನನ್ನ ಮಸಾಲೆ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟರು. ಜೀರಿಗೆ ಸಿಗದೆ ನಾನೇ ಸಾರಿಗೆ ಓಂಕಾಳು ಹಾಕಿದೆ. ಇಷ್ಟೆಲ್ಲ ಚಡಪಡಿಕೆಯಲ್ಲೂ ನನ್ನ ಮೇಲೆ ಒಮ್ಮೆಯೂ ದನಿ ಏರಿಸಲಿಲ್ಲ. ಬೈದರೆ ಫ್ಯಾನಿಗೆ ಬೈದರು.

ಒಂದು ಬೆಳಿಗ್ಗೆ ಮಾತ್ರ ಸೋತ ಮುಖ ಮಾಡಿ ಹೇಳಿದರು: "ನೋಡು, ಇವತ್ತೊಂದು ದಿನ ತಡಕೋತೀನಿ. ಆಗಲಿಲ್ಲಂದ್ರ ಒಂದು ಸಿಗರೇಟು ಹಚ್ಚಿಬಿಡ್ತೀನಿ. ನೀ ಏನೂ ಅನಬಾರ್ದು."

ನಾನು ಪಟ್ಟಿಯನ್ನು ಎಂದಿಗಿಂತ ಗಟ್ಟಿಯಾಗಿ ಒತ್ತಿದೆ. ಅವತ್ತೇ ಕರೆಂಟು ಹೋಗಬೇಕೇ? ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿರಬಹುದು. ಬೆವೆತು ತೊಪ್ಪೆಯಾದ ಬನಿಯನ್ ಬದಲಿಸಿ ಕೆಲಸಕ್ಕೆ ಹೋದರು. ನಾನು ಬಕೀಟಿನಲ್ಲಿ ಆ ಬನಿಯನ್ ಅದ್ದಿದರೆ, ಒಳಗಡೆ ಪಟ್ಟಿ ಅಂಟಿಕೊಂಡು ಕೂತಿದೆ.

ಹೊಸ ಪಟ್ಟಿಯೊಂದನ್ನು ಪರ್ಸಿಗೆ ಹಾಕಿಕೊಂಡು ಆಟೋ ಹಿಡಿದು ತಹಸೀಲ್ ಕಚೇರಿಗೆ ಹೋದೆ. ಮರದ ಹಿಂದಿನಿಂದ ಬರುವಾಗಲೇ ಮಾತು ಕೇಳಿತು. ಪಕ್ಕದ ಝೆರಾಕ್ಸ್ ಅಂಗಡಿಯ ಮಕ್ಬೂಲ್ ಸಿಗರೇಟಿನ ಪ್ಯಾಕು ಚಾಚಿ ನಿಂತಿದ್ದ.

"ಅಣ್ಣಾ, ಒಂದು ದಮ್ ಹೊಡೀರಿ. ನಿಮ್ಮ ಮಾರಿ ನೋಡಿ ಗಿರಾಕಿ ಹೊಳ್ಳಿ ಹೊಂಟಾರ."

ನಮ್ಮವರು ಪ್ಯಾಕಿನ ಕಡೆ ಬಹಳ ಹೊತ್ತು ನೋಡಿದರು. ನಾನು ಮರ ಹಿಡಿದುಕೊಂಡೆ.

"ಬ್ಯಾಡೋ ಮಕ್ಬೂಲ್," ಎಂದರು. "ನಮ್ಮಾಕಿ ಬೆನ್ನ ಮ್ಯಾಲ ಪೊಲೀಸಪ್ಪನ್ನ ಕುಂದ್ರಿಸಿ ಕಳಿಸ್ಯಾಳ. ಭಾಳ ಖಡಕ್ ಇದ್ದಾನ."

ಆ ಪೊಲೀಸಪ್ಪ ನಮ್ಮ ಮನೆಯ ಬಕೀಟಿನಲ್ಲಿ ಸೋಪಿನ ನೀರು ಕುಡಿಯುತ್ತಿದ್ದ. ಪರ್ಸಿನ ಮೇಲಿದ್ದ ಕೈ ತೆಗೆದೆ. ಪಟ್ಟಿಯಿಲ್ಲದ ಬೆನ್ನಿನಲ್ಲೇ ಇಷ್ಟು ಗಟ್ಟಿಯಾಗಿ ಕೂತ ಮನುಷ್ಯನಿಗೆ ನಾನು ಹೋಗಿ ಏನು ಹಚ್ಚಲಿ? ಬಂದ ಹಾಗೆಯೇ ಸದ್ದಿಲ್ಲದೆ ಮನೆಗೆ ಹೋದೆ. ಸಂಜೆ ಅವರು ಬಂದು "ಇವತ್ತೂ ದಾಟಿದೆ" ಎಂದಾಗ, ಪಟ್ಟಿ ಛಲೋ ಕೆಲಸ ಮಾಡಾಕತ್ತದ ಎಂದೆ.

ಪಟ್ಟಿಗಳು ಮುಗಿದವು, ಅವರು ಮತ್ತೆ ಸಿಗರೇಟು ಹಚ್ಚಲಿಲ್ಲ. ಆದರೆ ಓಣಿಯಲ್ಲಿ ಹೆಸರು ಬಂದದ್ದು ನನಗೆ. ಮೊನ್ನೆ ಶಹಾಬಾದಿನಿಂದ ನಮ್ಮವರ ಚಿಕ್ಕಪ್ಪನ ಮಗಳು ತನ್ನ ಗಂಡನನ್ನೂ, ಡಾಕ್ಟರು ಕೊಟ್ಟ ಪಟ್ಟಿಗಳನ್ನೂ ಹಿಡಿದುಕೊಂಡು ಬಂದಳು. "ಮೊದಲನೇದು ನೀವೇ ಹಚ್ರಿ ವೈನಿ. ನಿಮ್ಮ ಕೈಗುಣ ಭಾಳ ಛಲೋ ಅದ ಅಂತಾರ."

ನಾನು ಬೇಡವೆನ್ನಲಿಲ್ಲ. ಕೈ ತೊಳೆದು, ಸೆರಗು ಸಿಕ್ಕಿಸಿ, ವಿಭೂತಿ ಇರುವ ಕಡೆ ಹಚ್ಚಬಾರದೆಂದು ಗಂಭೀರವಾಗಿ ತಿಳಿಸಿ, ಎಲ್ಲಿ ಹಚ್ಚಲಿ ಎಂದು ನೋಡುತ್ತಿದ್ದೆ. ಪೇಪರು ಓದುತ್ತಿದ್ದ ನಮ್ಮವರು ತಲೆ ಎತ್ತದೆ ಹೇಳಿದರು:

"ಬೆನ್ನಿಗೇ ಹಚ್ಚು. ಬನಿಯನ್‌ದಾಗ ಬಿದ್ದು ಹೋದ್ರೂ ನಡೀತದ, ಅವತ್ತಿನಂಗ ನೀ ಹೇಳಂಗಿಲ್ಲ."

"ಏನಂದ್ರಿ ಅಣ್ಣಾ?" ಎಂದಳು ಅವಳು.

"ಏನಿಲ್ಲವಾ," ಎಂದೆ ನಾನು, ಅವಳ ಗಂಡನ ಬೆನ್ನನ್ನು ಜೋರಾಗಿ ಒತ್ತುತ್ತ. "ಮಾತಾಡಬ್ಯಾಡ್ರಿ, ಪಟ್ಟಿ ಸರೀತದ."