ಚಿಕ್ಕಮ್ಮನ ಜೋಡಿ ಡಿಗ್ರಿ

ನನ್ನ ಚಿಕ್ಕಮ್ಮನಂಥ ಓದಿನ ಹುಚ್ಚಿನ ಹೆಂಗಸು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ! ಇರುವ ಒಬ್ಬರಿಂದಲೇ ನನ್ನ ರಕ್ತದೊತ್ತಡದ ಮಾತ್ರೆ ಅರ್ಧದಿಂದ ಒಂದಕ್ಕೆ ಏರಿದೆ. ಇನ್ನೊಬ್ಬರನ್ನು ತಾಳಿಕೊಳ್ಳುವ ಶಕ್ತಿ ನನ್ನಲ್ಲಿಲ್ಲ.

ಐವತ್ತನೆಯ ವಯಸ್ಸಿಗೆ ಜನ ಏನು ಮಾಡುತ್ತಾರೆ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಭಜನಾ ಮಂಡಳಿ ಸೇರುತ್ತಾರೆ. ನಮ್ಮ ಚಿಕ್ಕಮ್ಮ ಕಾಲೇಜು ಸೇರಿದರು. ಸೇರಲಿ, ಬೇಡವೆಂದವರು ಯಾರು? ಆದರೆ ಒಂದಕ್ಕೆ ಸೇರಿ ಸುಮ್ಮನಿರುವುದು ಬಿಟ್ಟು ಎರಡಕ್ಕೆ ಸೇರಿದರು! ವಾರವಿಡೀ ಮೂಡುಬಿದಿರೆಯ ಒಂದು ಆರ್ಟ್ ಕಾಲೇಜಿನಲ್ಲಿ ಚಿತ್ರಕಲೆಯ ಪದವಿ. ಭಾನುವಾರ ಬಂಟ್ವಾಳದ ದೂರಶಿಕ್ಷಣ ಕೇಂದ್ರದಲ್ಲಿ ಬಿ.ಎ. ಒಟ್ಟೊಟ್ಟಿಗೆ ಎರಡು ಡಿಗ್ರಿ ಮಾಡಬಹುದೆಂದು ಈಗ ಅಪ್ಪಣೆಯಾಗಿದೆಯಂತೆ. ಅಪ್ಪಣೆ ಕೊಟ್ಟ ಪುಣ್ಯಾತ್ಮರ ಮನೆಯಲ್ಲಿ ಇಂಥ ಚಿಕ್ಕಮ್ಮ ಇರಲಿಲ್ಲವೆಂದು ಕಾಣುತ್ತದೆ.

ಚಿಕ್ಕಮ್ಮ ಅಳದಂಗಡಿಯವರು. ಎಸ್ಸೆಸ್ಸೆಲ್ಸಿ ಮುಗಿಸಿ ಬೀಡಿ ಕಟ್ಟಲು ಕುಳಿತವರು ಮೂವತ್ತೆರಡು ವರ್ಷ ಏಳಲಿಲ್ಲ. ಮಡಿಲಲ್ಲಿ ಎಲೆ, ತಂಬಾಕು ತುಂಬಿದ ಗೆರಸೆ, ಕೈಯಲ್ಲಿ ಕತ್ತರಿ, ಬಾಯಲ್ಲಿ ಇಡೀ ಊರಿನ ಸುದ್ದಿ. ಮದುವೆಯಾಗಲಿಲ್ಲ. ನನ್ನ ಅಪ್ಪ ಬೇಗನೆ ತೀರಿಕೊಂಡದ್ದರಿಂದ ಅಮ್ಮ ಮತ್ತು ಚಿಕ್ಕಮ್ಮ, ಅಕ್ಕತಂಗಿಯರಿಬ್ಬರೂ ಬೀಡಿ ಕಟ್ಟಿಯೇ ನನ್ನನ್ನು ಸಾಕಿದರು, ಓದಿಸಿದರು. ಅಮ್ಮ ಈಗಿಲ್ಲ. ನಾನು ಮೆಲ್ಕಾರಿನಲ್ಲಿ ಮನೆ ಮಾಡಿಕೊಂಡು ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಆದ್ದರಿಂದ ಚಿಕ್ಕಮ್ಮನಿಗೆ ಎದುರು ಮಾತಾಡುವ ಹಕ್ಕು ನನಗಿಲ್ಲವೆಂದು ಚಿಕ್ಕಮ್ಮನೇ ತೀರ್ಮಾನಿಸಿದ್ದಾರೆ. ನಾನು ಮಾತ್ರ ಆ ತೀರ್ಮಾನಕ್ಕೆ ಸಹಿ ಹಾಕಿಲ್ಲ.

ಬೀಡಿ ಕೆಲಸ ಕಡಿಮೆಯಾಗುತ್ತಾ ಬಂದಾಗ ಹೊರಗಿನಿಂದ ಪರೀಕ್ಷೆ ಕಟ್ಟಿ ಪಿಯುಸಿ ಪಾಸು ಮಾಡಿದರು. ಮರುವರ್ಷವೇ ಈ ಜೋಡಿ ಡಿಗ್ರಿ! ಕಾಲೇಜಿನ ಮೊದಲ ದಿನವೇ ಬಸ್ಸಿನಲ್ಲಿ ಜಗಳ. ಕಂಡಕ್ಟರ್ ಇವರು ಚಾಚಿದ ವಿದ್ಯಾರ್ಥಿ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮ, ಮಗಳ ಪಾಸಿನಲ್ಲಿ ನೀವು ಹೋಗ್ಲಿಕ್ಕಿಲ್ಲ" ಎಂದನಂತೆ.

"ಫೋಟೋ ನೋಡು ಮಾರಾಯ. ಇಷ್ಟು ಚಂದದ ಮಗಳು ನನಗೆಲ್ಲಿ ಉಂಟು?"

ಆಮೇಲೆ ಇಡೀ ಬಸ್ಸಿಗೆ ತಮ್ಮ ಎರಡೂ ಕೋರ್ಸುಗಳ ವಿವರ ಕೊಟ್ಟರಂತೆ. ಕಂಡಕ್ಟರ್ ಈಗ ಇವರನ್ನು ಕಂಡರೆ ಹಿಂದಿನ ಬಾಗಿಲಿನಲ್ಲಿ ನೇತಾಡುತ್ತಾನೆ. ಅವನಿಗಾದರೂ ಬಾಗಿಲಿದೆ, ನಾನೆಲ್ಲಿ ನೇತಾಡಲಿ?

ಯಾಕೆಂದರೆ ಭಾನುವಾರದ ಕ್ಲಾಸಿಗಾಗಿ ಶನಿವಾರ ಸಂಜೆಯೇ ಅವರು ನಮ್ಮ ಮನೆಗೆ ಬಂದಿಳಿಯುತ್ತಾರೆ. ಒಂದು ಕೈಯಲ್ಲಿ ಚಿತ್ರದ ಹಲಗೆ, ಇನ್ನೊಂದರಲ್ಲಿ ಪುಸ್ತಕದ ಚೀಲ. ಬಂದವರೇ ಅಡುಗೆಮನೆಗೆ ನುಗ್ಗಿ, ನಾನು ಸಾಂಬಾರಿಗೆಂದು ಇಟ್ಟಿದ್ದ ಸೌತೆಕಾಯಿಯನ್ನು ಎತ್ತಿ ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸುತ್ತಾರೆ. ಪಕ್ಕದಲ್ಲಿ ಒಂದು ಚೆಂಬು. ಹಿಂದೆ ನನ್ನ ಒಳ್ಳೆಯ ಸೀರೆ.

"ಮುಟ್ಬೇಡ, ಸ್ಟಿಲ್ ಲೈಫ್" ಎಂದು ಅಪ್ಪಣೆ. ಇಟ್ಟ ವಸ್ತುಗಳನ್ನು ಇಟ್ಟ ಹಾಗೆಯೇ ನೋಡಿ ಬರೆಯುವ ಚಿತ್ರವಂತೆ.

"ಚಿಕ್ಕಮ್ಮಾ, ರಾತ್ರಿಗೆ ಸಾಂಬಾರು ಮಾಡ್ಬೇಕು."

"ಚೆಂಬಿನದ್ದು ಮಾಡು!"

ಒಮ್ಮೆ ಚಿತ್ರ ಮುಗಿಯಲಿಲ್ಲವೆಂದು ಆ ಸೌತೆಕಾಯಿಯನ್ನು ಮುಂದಿನ ಶನಿವಾರದವರೆಗೆ ಹಾಗೆಯೇ ಇಡಬೇಕೆಂದು ಹೇಳಿಹೋದರು. ಒಂದು ವಾರ ನಾವು ಗಂಡಹೆಂಡತಿ ಮೇಜಿನ ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಸೌತೆಕಾಯಿಗೆ ಹೆದರಿ ಊಟ ಮಾಡಿದೆವು. ಸೌತೆಕಾಯಿ ಕೊಳೆಯಿತು. ಚಿಕ್ಕಮ್ಮ ಬಂದು ನೋಡಿ ಬೇಸರಿಸಿದರೇ? ಇಲ್ಲ! "ಬಣ್ಣ ಈಗ ಒಳ್ಳೆದಾಯ್ತು" ಎಂದು ಕುಂಚ ತೆಗೆದರು. ನನ್ನ ಗಂಡನಿಗೆ ಇದೆಲ್ಲ ತಮಾಷೆ. ಅವರನ್ನೂ ಒಂದು ದಿನ ಬನಿಯನ್ನಿನಲ್ಲಿ ಎರಡು ಗಂಟೆ ಕೂರಿಸಿ ಚಿತ್ರ ಬರೆದರು. ಹೊಟ್ಟೆಯನ್ನು ಇದ್ದಷ್ಟೇ ಬರೆದ ಮೇಲೆ ಅವರ ನಗೆ ಸ್ವಲ್ಪ ಕಡಿಮೆಯಾಯಿತು. ಗೋಡೆಗೆ ಇದ್ದಿಲ ಮಸಿ, ಸಿಂಕಿಗೆ ನೀಲಿ ಬಣ್ಣ. ಒರೆಸುವವಳು ನಾನು!

ಎರಡನೆಯ ವರ್ಷ ಆರ್ಟ್ ಕಾಲೇಜಿನಿಂದ ನನಗೆ ಕರೆ ಬಂತು. ಪೋಷಕರ ಸಭೆ! ಅರ್ಜಿಯಲ್ಲಿ ಪೋಷಕರ ಹೆಸರಿನ ಜಾಗದಲ್ಲಿ ಚಿಕ್ಕಮ್ಮ ನನ್ನ ಹೆಸರು ಬರೆದುಬಿಟ್ಟಿದ್ದರು. ನನ್ನನ್ನು ಎತ್ತಿ ಆಡಿಸಿದ ಹೆಂಗಸಿಗೆ ನಾನು ಪೋಷಕಿ! ರಜೆ ಹಾಕಿ ಹೋದೆ. ಆಫೀಸು ಕೋಣೆಯಲ್ಲಿ ಮೇಷ್ಟ್ರು ಕಾಯುತ್ತಿದ್ದರು. ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ, ಪಾಪದವರು.

"ಮೇಡಂ, ಅಮ್ಮನಿಗೆ ನೀವೇ ಸ್ವಲ್ಪ ಹೇಳ್ಬೇಕು. ನಾನು ವಾರಕ್ಕೆ ಇಪ್ಪತ್ತೈದು ಸ್ಕೆಚ್ ಕೇಳಿದ್ರೆ ಅವರು ಮೂವತ್ತು ತರ್ತಾರೆ."

"ಜಾಸ್ತಿ ತಂದ್ರೆ ಒಳ್ಳೇದಲ್ವಾ ಸರ್?"

"ಐದನ್ನು ನಾನು ಹರಿದು ಬಿಸಾಡ್ಬೇಕಂತೆ. ಹರಿಯದಿದ್ರೆ ಬಿಡೂದಿಲ್ಲ. ನೀವು ಸರಿಯಾಗಿ ನೋಡ್ಲಿಲ್ಲ ಅಂತ ಹೇಳ್ತಾರೆ."

ನನಗೆ ತಕ್ಷಣ ಅರ್ಥವಾಯಿತು. ಬೀಡಿ ಬ್ರಾಂಚು! ಬೀಡಿ ಕಟ್ಟುವವರು ಕಟ್ಟುಗಳನ್ನು ಒಯ್ದು ಬ್ರಾಂಚಿನಲ್ಲಿ ಒಪ್ಪಿಸಿದಾಗ, ಪರೀಕ್ಷಿಸುವವನು ಪ್ರತಿ ಕಟ್ಟನ್ನೂ ಬೆರಳಿನಿಂದ ಒತ್ತಿ ನೋಡಿ, ತನಗೆ ಸರಿಕಾಣದ ಬೀಡಿಗಳನ್ನು ಎಳೆದು ಮುರಿದು ಹಾಕುತ್ತಾನೆ. ಕಟ್ಟಿಗೆ ಇಪ್ಪತ್ತೈದು ಇರಲೇಬೇಕು. ಆದ್ದರಿಂದ ಬುದ್ಧಿವಂತರು ಮುರಿಯುವುದಕ್ಕೆಂದೇ ಕೆಲವು ಹೆಚ್ಚು ಕಟ್ಟಿಕೊಂಡು ಹೋಗುತ್ತಾರೆ. ಮೂವತ್ತೆರಡು ವರ್ಷ ಹಾಗೆ ಬದುಕಿದವರಿಗೆ, ತಂದದ್ದನ್ನು ಯಾರೂ ಮುರಿಯದೆ ತೆಗೆದುಕೊಂಡರೆ ಎದುರಿಗಿರುವವನಿಗೆ ಕೆಲಸ ಗೊತ್ತಿಲ್ಲವೆಂದೇ ಅನುಮಾನ. ಮೇಷ್ಟ್ರು ಹರಿಯದಿದ್ದರೆ ತಾವೇ ಹರಿಯುತ್ತಿದ್ದರಂತೆ. ಅಷ್ಟೇ ಆಗಿದ್ದರೆ ಸೈ. ಪಕ್ಕದ ಹುಡುಗಿಯರ ಚಿತ್ರಗಳನ್ನೂ ಬೆರಳಿನಿಂದ ಒತ್ತಿ ನೋಡಿ ಎರಡೆರಡು ಹರಿದಿದ್ದರು!

"ಅವು ಕೆಟ್ಟದಿತ್ತು, ನಾನು ಸುಮ್ಮನೆ ಹರಿಯೂದಿಲ್ಲ" ಎಂದು, ಕೋಣೆಗೆ ಕರೆಸಿದಾಗ ಚಿಕ್ಕಮ್ಮ ನನ್ನ ಮುಂದೆಯೇ ವಾದಿಸಿದರು. ಪೋಷಕಿಯಾದ ನಾನು ಆ ಮಕ್ಕಳನ್ನೂ ಅಲ್ಲಿಗೇ ಕರೆಸಿ ಕ್ಷಮೆ ಕೇಳಿದೆ. ಚಿಕ್ಕಮ್ಮ ಕೇಳಲಿಲ್ಲ.

ಇದೇ ಬುದ್ಧಿಯನ್ನು ಬಿ.ಎ.ಗೂ ಒಯ್ದರು ನೋಡಿ, ಅಲ್ಲಿ ನನ್ನ ಮಾನ ಹೋಯಿತು. ಇತಿಹಾಸಕ್ಕೆ ನಾನೇ ಮೇಷ್ಟ್ರು. ಭಾನುವಾರ ಕ್ಲಾಸಿನಿಂದ ಬಂದವರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದೆ. ಪಾಠ ಕೇಳುವ ಕ್ರಮವಾದರೂ ಹೇಗೆ? ನಾನು ರಾಜನ ಯುದ್ಧಗಳನ್ನು ಹೇಳಿದರೆ ಅವರಿಗೆ ರಾಜನ ಪೇಟದ ಬಣ್ಣ ಬೇಕು. ಪೇಟ ನೇಯ್ದವರು ಯಾರು, ಅವರಿಗೆ ಮಧ್ಯಾಹ್ನ ಊಟಕ್ಕೆ ಬಿಡುತ್ತಿದ್ದರೇ ಎಂಬುದು ಬೇಕು. ಆರ್ಟ್ ಕಾಲೇಜಿನಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಮಾಡೆಲ್ ಆಗಿ ಕೂತ ಮುದುಕನ ಮೂಗು ಬರೆಯಿರಿ ಎಂದರೆ, ಅವನ ಊರು, ಕುಲ, ಮಕ್ಕಳ ಕತೆ ಕೇಳುತ್ತಾ ಕೂರುವುದು! ನಮ್ಮಲ್ಲಿ ಕೇಳಬೇಕಾದ್ದನ್ನು ಅಲ್ಲಿ, ಅಲ್ಲಿ ಕೇಳಬೇಕಾದ್ದನ್ನು ನಮ್ಮಲ್ಲಿ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಪೇಟ ನೇಯ್ದವರ ವಿಷಯ ಗೊತ್ತಿರಲಿಲ್ಲವೆಂಬುದು ಬೇರೆ ಮಾತು. ಗೊತ್ತಿಲ್ಲದ್ದನ್ನು ಕೇಳಿದರೆ ಯಾರಿಗಾದರೂ ಸಿಟ್ಟು ಬರುವುದಿಲ್ಲವೇ?

ಪರೀಕ್ಷೆ ಬಂತು. ಎಂಟು ಪ್ರಶ್ನೆಗಳಲ್ಲಿ ಯಾವುದಾದರೂ ಐದಕ್ಕೆ ಉತ್ತರಿಸಿ ಎಂದಿತ್ತು. ಹೊರಗೆ ಬಂದ ಚಿಕ್ಕಮ್ಮನ ಮುಖದಲ್ಲಿ ಗೆದ್ದ ಕಳೆ.

"ಎಂಟನ್ನೂ ಬರೆದೆ!"

"ಎಂಟು ಯಾಕೆ? ಐದು ಸಾಕಿತ್ತಲ್ಲ!"

"ಮೂರು ತೆಗೆದು ಬಿಸಾಡಿದ್ರೂ ಐದು ಉಳೀತದಲ್ಲ?"

ಎಂಟಕ್ಕೂ ಅರ್ಧರ್ಧ ಪುಟ ಬರೆದಿದ್ದರು. ಫೇಲಾದರು. ಮರುವರ್ಷ ಕಟ್ಟಿದಾಗ ನಾನು ಗದರಿದ್ದಕ್ಕೆ ಆರೇ ಬರೆದರು. ಒಂದಾದರೂ ಹೆಚ್ಚು ಇರಲೆಂದು! ಆಗಲೂ ಫೇಲು. ಉಳಿದ ಎಲ್ಲ ವಿಷಯಗಳೂ ಪಾಸಾಗಿ ಇತಿಹಾಸದ ಉಪನ್ಯಾಸಕಿಯ ಶಿಷ್ಯೆ ಇತಿಹಾಸ ಒಂದರಲ್ಲೇ ಉಳಿದರು. ನಮ್ಮ ಸ್ಟಾಫ್ ರೂಮಿನಲ್ಲಿ ಈ ಸುದ್ದಿ ತಿಳಿಯದಂತೆ ನಾನು ಪಟ್ಟ ಪಾಡು ನನಗೇ ಗೊತ್ತು.

ಹೀಗೆ ಈ ವರ್ಷಕ್ಕೆ ಬಂದು ನಿಂತೆವು. ಚಿತ್ರಕಲೆಯದ್ದು ಕೊನೆಯ ವರ್ಷ. ವಿದ್ಯಾರ್ಥಿಗಳು ತಮ್ಮ ಚಿತ್ರಗಳನ್ನು ಹಾಲಿನಲ್ಲಿ ನೇತುಹಾಕಿ ಪಕ್ಕದಲ್ಲಿ ನಿಂತಿರಬೇಕು, ಹೊರಗಿನಿಂದ ಬಂದ ಪರೀಕ್ಷಕರು ನೋಡಿ ಪ್ರಶ್ನೆ ಕೇಳುತ್ತಾರೆ. ಅತ್ತ ಬಿ.ಎ.ಯ ಇತಿಹಾಸಕ್ಕೆ ಇದೇ ಕೊನೆಯ ಅವಕಾಶ. ಈ ಸಲ ಬರೆಯದಿದ್ದರೆ ಅಷ್ಟು ವರ್ಷದ ಬಿ.ಎ. ನೀರಿಗೆ ಹೋದಂತೆ. ಎರಡೂ ಒಂದೇ ದಿನ, ಒಂದೇ ಹೊತ್ತು. ಬೆಳಿಗ್ಗೆ ಹತ್ತಕ್ಕೆ ಮೂಡುಬಿದಿರೆಯಲ್ಲಿ ಚಿತ್ರ, ಬೆಳಿಗ್ಗೆ ಹತ್ತಕ್ಕೆ ಬಂಟ್ವಾಳದಲ್ಲಿ ಪರೀಕ್ಷೆ!

ಹಿಂದಿನ ಸಂಜೆ ಚಿಕ್ಕಮ್ಮ ಚಿತ್ರಗಳ ಕಟ್ಟಿನೊಂದಿಗೆ ನಮ್ಮ ಮನೆಗೆ ಬಂದು, ಎರಡೂ ಹಾಲ್ ಟಿಕೆಟುಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹೇಳಿದೆ, "ಬಿ.ಎ. ಬಿಟ್ಟುಬಿಡಿ. ನಾಳೆ ಮೂಡುಬಿದಿರೆಗೆ ಹೋಗುವ."

"ಬಿಡ್ಲಿಕ್ಕಾಗೂದಿಲ್ಲ."

"ಹಾಗಾದ್ರೆ ಚಿತ್ರ ಬಿಡಿ."

"ಅದೂ ಆಗೂದಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಈ ಸಿಟ್ಟಿನ ಬಗ್ಗೆ ನಿಮಗೆ ನಿಜ ಹೇಳಿಬಿಡುತ್ತೇನೆ. ಅದು ಸೌತೆಕಾಯಿಯದ್ದಲ್ಲ, ಗೋಡೆಯ ಮಸಿಯದ್ದೂ ಅಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ನನಗೆ ಮಂಗಳೂರಿನ ಒಂದು ಚಿತ್ರಕಲಾ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಆಗ ಮನೆಯಲ್ಲಿ ಚಿಕ್ಕಮ್ಮನದ್ದೇ ಮಾತು. ಗೆರಸೆಯಿಂದ ತಲೆಯೆತ್ತದೆ, "ಚಿತ್ರ ಬರೆದು ಎಂಥ ತಿನ್ನೂದು? ಬಿ.ಎ. ಮಾಡು, ಟೀಚರಾಗು" ಎಂದಿದ್ದರು. ಅಮ್ಮ ತಲೆಯಾಡಿಸಿದ್ದಳು. ಸೀಟಿನ ಕಾಗದವನ್ನು ನಾನೇ ಒಲೆಗೆ ಹಾಕಿದೆ. ಆಮೇಲೆ ಚಿತ್ರ ಬರೆಯಲಿಲ್ಲ. ಪೋಷಕರ ಸಭೆಗೆ ಹೋದಾಗಲೂ ಆಫೀಸು ಕೋಣೆಯಿಂದ ನೇರ ಗೇಟಿಗೆ ನಡೆದೆ, ಕ್ಲಾಸುಗಳ ಕಡೆ ಕಣ್ಣು ಹಾಯಿಸಲಿಲ್ಲ. ನನಗೆ ಬೇಡವೆಂದವರೇ ನನ್ನ ಮೇಜಿನ ಮೇಲೆ, ನನ್ನ ಸೀರೆಯ ಮುಂದೆ ಕೂತು ನಾಲ್ಕು ವರ್ಷ ಚಿತ್ರ ಬರೆದರೆ, ನಾನೇನು ಕಲ್ಲೇ?

ಇಪ್ಪತ್ತೈದು ವರ್ಷದ್ದೆಲ್ಲ ಒಟ್ಟಿಗೆ ಬಂತು. "ನನಗೆ ಒಂದು ಬೇಡ ಅಂದವರು ನೀವು! ನಿಮಗೆ ಎರಡು ಬೇಕಾ? ಈ ವಯಸ್ಸಿಗೆ ಎರಡು ಡಿಗ್ರಿ ಯಾಕೆ ನಿಮಗೆ? ಯಾಕೆ? ಹೇಳಿ!" ಎಂದು ಕಿರುಚಿದೆ. ನನ್ನ ಗಂಡ ಟಿವಿ ಆರಿಸಿ ಹೊರಗೆ ಹೋದರು.

ಚಿಕ್ಕಮ್ಮ ಸಿಟ್ಟಾಗಲಿಲ್ಲ. ಹಾಲ್ ಟಿಕೆಟುಗಳನ್ನು ಅಂಗೈಯಿಂದ ಒರೆಸಿ ಸಮ ಮಾಡಿದರು.

"ನಿನಗೆ ಬೇಡ ಅಂತ ಹೇಳಿದ್ದು ಎಂಥದು ಅಂತ ನನಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಮಾಡು ಅಂತ ಹೇಳಿದ್ದು ಎಂಥದು ಅಂತಲೂ ಗೊತ್ತಿರ್ಲಿಲ್ಲ. ಎರಡನ್ನೂ ನೋಡದೆ ಹೇಳಿದ್ದು ನಾನು. ಒಮ್ಮೆ ನೋಡ್ಬೇಕು ಅಂತ ಇತ್ತು."

ಅವರು ನನ್ನ ಮುಖ ನೋಡಲಿಲ್ಲ.

"ಬಿ.ಎ. ಕೆಟ್ಟದೇನಲ್ಲ. ಒಳ್ಳೇದೇ ಉಂಟು. ಆದ್ರೆ ಚಿತ್ರದ್ದು..." ಎಂದು ನಿಲ್ಲಿಸಿದರು. "ನಿನ್ನನ್ನು ಅಲ್ಲಿಗೆ ಕಳಿಸ್ಬೇಕಿತ್ತು ನಾನು. ತಪ್ಪಾಯ್ತು."

ಎಷ್ಟು ವರ್ಷದಿಂದ ಈ ಮಾತಿಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ! ಚುಚ್ಚುವಂಥವು ಹತ್ತಾರು ಇದ್ದವು. ಅವನ್ನೆಲ್ಲ ಬದಿಗಿಟ್ಟು, "ನಾಳೆ ಚಿತ್ರದ ಹಾಲ್ ಎಷ್ಟು ಗಂಟೆಗೆ ತೆರೀತಾರೆ?" ಎಂದು ಗದರುವ ದನಿಯಲ್ಲೇ ಕೇಳಿದೆ. ಆರ್ಟ್ ಕಾಲೇಜಿನ ಮೇಷ್ಟ್ರಿಗೆ ಫೋನು ಮಾಡಿದೆ. ಇವರ ಸರದಿಯನ್ನು ಕೊನೆಗೆ, ಮಧ್ಯಾಹ್ನ ಮೂರಕ್ಕೆ ಇಡಲು ಪರೀಕ್ಷಕರನ್ನು ಕೇಳಿಕೊಳ್ಳುತ್ತೇನೆ, ಆದರೆ ಚಿತ್ರಗಳು ಹತ್ತರೊಳಗೆ ಗೋಡೆಯ ಮೇಲಿರಬೇಕು ಎಂದರು.

ಬೆಳಿಗ್ಗೆ ಚಿಕ್ಕಮ್ಮ ಬಂಟ್ವಾಳದ ರಿಕ್ಷಾ ಹತ್ತಿದರು. ನಾನು ಚಿತ್ರಗಳನ್ನು ಕಾರಿಗೆ ತುಂಬಿಕೊಂಡು ಮೂಡುಬಿದಿರೆಗೆ ಹೋದೆ. ಹಾಲಿನಲ್ಲಿ ಬಣ್ಣದ, ಎಣ್ಣೆಯ ವಾಸನೆ. ಸುತ್ತ ಇಪ್ಪತ್ತರ ಹುಡುಗ ಹುಡುಗಿಯರು ಏಣಿಗೆ ಜಗಳಾಡುತ್ತಿದ್ದರು. ನಾನೂ ಜಗಳಾಡಿ ಒಂದು ಏಣಿ ಹಿಡಿದೆ. ಯಾವುದು ಎಲ್ಲಿರಬೇಕು, ಯಾವುದಕ್ಕೆ ಕಿಟಕಿಯ ಬೆಳಕು ಬೇಕು ಎಂದು ನೇತುಹಾಕುವುದು, ಇಳಿಸುವುದು, ದೂರ ನಿಂತು ನೋಡುವುದು, ಮತ್ತೆ ಬದಲಿಸುವುದು. ಅತ್ತ ಬಂಟ್ವಾಳದಲ್ಲಿ ಚಿಕ್ಕಮ್ಮ ನನ್ನ ಬಿ.ಎ. ಬರೆಯುತ್ತಿದ್ದರು. ಅವರು ಬರುವವರೆಗೆ, ಐದು ಗಂಟೆ ಹೊತ್ತು, ನಾನು ಆರ್ಟ್ ಕಾಲೇಜಿನಲ್ಲಿದ್ದೆ. ನೀನು ಇಲ್ಲಿಯವಳಲ್ಲ ಎಂದು ಯಾರೂ ಹೇಳಲಿಲ್ಲ.